ಎಳೆದುಕೊಳ್ಳದ ಕಾಲು

ಎಡಗಾಲಿನ ಚಪ್ಪಲಿ ಕಾಲಲ್ಲಿಲ್ಲ ಎಂದು ನನಗೆ ಹೇಳಿದ್ದು ಮೂರನೇ ತರಗತಿಯ ಒಬ್ಬ ಹುಡುಗಿ. ಅಷ್ಟರಲ್ಲಿ ನಾನು ಶಾಲೆಯ ಬಾಗಿಲು ದಾಟಿ, ಹಾಜರಿ ಪುಸ್ತಕ ತೆಗೆದು, ಅರ್ಧ ಹೆಸರು ಕೂಗಿ ಆಗಿತ್ತು. "ಟೀಚರ್, ನಿಮ್ದೊಂದು ಮೆಟ್ಟು ಹುಣಸೆಮರದತ್ರ ಬಿದ್ದೈತೆ" ಅಂದಳು. ಮಕ್ಕಳೆಲ್ಲ ನಕ್ಕರು. ನಾನೂ ನಕ್ಕೆ, ಆಮೇಲೆ ಬೆತ್ತದಲ್ಲಿ ಮೇಜು ಕುಟ್ಟಿ ಎಲ್ಲರನ್ನೂ ಸುಮ್ಮನಿರಿಸಿದೆ. ಚಪ್ಪಲಿ ಹಳೆಯದಾಗಿ ಸಡಿಲವಾಗಿದೆ ಎಂದುಕೊಂಡು ಹಿರಿಯೂರಿಗೆ ಹೋಗುವವರ ಕೈಲಿ ಹೊಸ ಜೊತೆ ತರಿಸಿದೆ. ಹೊಸದರಲ್ಲೂ ಎಡಗಾಲಿನದೇ ಬೀಳತೊಡಗಿದಾಗ ಅಂಗಡಿಯವನನ್ನು ಬೈದೆ. ಕಾಲಿನ ಮೇಲೆ ಅನುಮಾನ ಬರಲು ಇನ್ನೂ ಎರಡು ತಿಂಗಳು ಹಿಡಿಯಿತು.

ಇದು ಎಪ್ಪತ್ತರ ದಶಕದ ಕೊನೆಯ ಮಾತು. ನನಗೆ ಆಗ ಇಪ್ಪತ್ತಾರು ವರ್ಷ. ಜವನಗೊಂಡನಹಳ್ಳಿ ಹೋಬಳಿಯ ಒಂದು ಹಟ್ಟಿ ನಮ್ಮದು, ಕುರಿ ಸಾಕುವವರ ಮೂವತ್ತು ಮನೆ. ಆ ಹಟ್ಟಿಯಲ್ಲಿ ಎಸ್ಸೆಸ್ಸೆಲ್ಸಿ ಪಾಸಾದ ಮೊದಲ ಹೆಣ್ಣು ನಾನು. ಟಿ.ಸಿ.ಎಚ್. ಮುಗಿಸಿ ಎರಡು ಮೈಲಿ ಆಚೆಯ ಊರಿನ ಪ್ರಾಥಮಿಕ ಶಾಲೆಯಲ್ಲಿ ಟೀಚರಾಗಿದ್ದೆ. ದಿನಾ ನಡೆದೇ ಹೋಗಿ ಬರುವುದು. ಹೀಗಾಗಿ ನನಗೆ ಸ್ವಲ್ಪ ಜಂಬವಿತ್ತು. ಮುಂದೆ ಆದದ್ದಕ್ಕೆ ಆ ಜಂಬವೂ ಒಂದು ಕಾರಣ, ಅದಕ್ಕೇ ಮೊದಲೇ ಹೇಳಿಬಿಡುತ್ತಿದ್ದೇನೆ.

ಕಾಲು ಎಳೆಯುತ್ತಿರುವುದನ್ನು ಕಂಡುಹಿಡಿದವಳು ಅವ್ವ. ಮನೆಯ ಮುಂದಿನ ಮಣ್ಣಿನಲ್ಲಿ ನನ್ನ ಹೆಜ್ಜೆ ನೋಡಿದಳಂತೆ. ಬಲಗಾಲಿನದು ಒತ್ತಾಗಿ ಮೂಡಿತ್ತು, ಎಡಗಾಲಿನದು ಮುಂದಕ್ಕೆ ಗೀರಿತ್ತು. ಕುರಿಯ ಮನೆಯವರಿಗೆ ಹೆಜ್ಜೆ ಓದುವುದನ್ನು ಯಾರೂ ಕಲಿಸಬೇಕಾಗಿಲ್ಲ.

"ಏನೇ ಕೆಂಚಿ, ಕಾಲು ಎಳೀತೀಯಲ್ಲ?"

"ಮುಳ್ಳು ಚುಚ್ಚೈತೆ ಕಣವ್ವ."

"ಎರಡು ತಿಂಗ್ಳಿಂದ ಒಂದೇ ಮುಳ್ಳಾ?"

ಅವ್ವನಿಗೆ ಹೆದರಿಕೆಯಾದದ್ದು ನನ್ನ ಕಾಲಿನ ಬಗ್ಗೆ ಅಲ್ಲ, ನನ್ನ ಮದುವೆಯ ಬಗ್ಗೆ. ಹೊಳಲ್ಕೆರೆ ಕಡೆಯ ಒಬ್ಬ ಮೇಷ್ಟರ ಜೊತೆ ಮಾತುಕತೆ ನಡೆದಿತ್ತು. ಹುಡುಗಿ ಕುಂಟುತ್ತಾಳೆ ಎಂಬ ಮಾತು ಹಟ್ಟಿ ದಾಟಬಾರದು, ಆಸ್ಪತ್ರೆಗೆ ಹೋದರೆ ಯಾರಾದರೂ ನೋಡಿಯೇ ನೋಡುತ್ತಾರೆ, ಮನೆಯಲ್ಲೇ ಏನಾದರೂ ಮಾಡಿಕೊಳ್ಳೋಣ ಎಂದಳು. ನನಗೂ ಆ ಮೇಷ್ಟರ ಬಗ್ಗೆ ಮನಸ್ಸಿತ್ತು. ನೋಡಿದ್ದು ಒಂದೇ ಸಲ, ಅದೂ ದೂರದಿಂದ. ಆದರೂ ಮನಸ್ಸಿತ್ತು, ಸುಳ್ಳೇಕೆ ಹೇಳಲಿ.

ಮನೆಯಲ್ಲಿ ಮಾಡಿಕೊಳ್ಳುವುದು ಎಂದರೆ ಅಪ್ಪನ ಕೈಗೆ ಕಾಲು ಕೊಡುವುದು. ನಮ್ಮಪ್ಪ ತಿಪ್ಪಯ್ಯನಿಗೆ ಸುತ್ತಲ ಹಟ್ಟಿಗಳಲ್ಲಿ ಹೆಸರಿತ್ತು. ಕುರಿ ಕುಂಟಿದರೆ ಅವನ ಹತ್ತಿರ ಹೊತ್ತು ತರುತ್ತಿದ್ದರು. ಅವನು ಕಬ್ಬಿಣದ ಸಲಾಕೆ ಕಾಯಿಸಿ ಬರೆ ಹಾಕುತ್ತಿದ್ದ. ಬರೆ ಬೇರೆಯವರೂ ಹಾಕುತ್ತಾರೆ, ಕುಂಟುವ ಕಾಲಿಗೇ ಹಾಕುತ್ತಾರೆ. ಅಪ್ಪ ಹಾಕುತ್ತಿದ್ದದ್ದು ಎದುರಿನ ಒಳ್ಳೆಯ ಕಾಲಿಗೆ. ಒಳ್ಳೆಯ ಕಾಲು ಉರಿದರೆ ಕುರಿ ಅದನ್ನು ನೆಲಕ್ಕೆ ಊರುವುದಿಲ್ಲ, ಬೇರೆ ದಾರಿಯಿಲ್ಲದೆ ಸೋಮಾರಿ ಕಾಲನ್ನು ಊರುತ್ತದೆ, ಊರಿ ಊರಿ ಅದು ಗಟ್ಟಿಯಾಗುತ್ತದೆ ಎಂಬುದು ಅವನ ಲೆಕ್ಕ. ಮಕ್ಕಳಿಗೆ ವಿಜ್ಞಾನ ಪಾಠ ಹೇಳುವ ನಾನು ಇದನ್ನು ಒಪ್ಪಿದೆನಾ ಎಂದು ಕೇಳಬಹುದು. ಒಪ್ಪಿದೆ. ಕುಂಟುತ್ತಿದ್ದ ಎಷ್ಟೋ ಕುರಿ ಆಮೇಲೆ ಮೇಯಲು ಹೋದದ್ದನ್ನು ನಾನೇ ಕಂಡಿದ್ದೆ.

ನನ್ನ ಒಳ್ಳೆಯ ಕಾಲು ಎಂದರೆ ಬಲಗಾಲು. ಅದರಲ್ಲೂ ಒಂದು ವಿಚಿತ್ರ ಶುರುವಾಗಿತ್ತು. ಸ್ನಾನ ಮಾಡುವಾಗ ಎಡಗಾಲಿಗೆ ಚುರ್ರೆನ್ನುವ ನೀರು ಬಲಗಾಲಿಗೆ ಬೆಚ್ಚಗೂ ಅನ್ನಿಸುತ್ತಿರಲಿಲ್ಲ. ಗಟ್ಟಿ ಕಾಲು, ತಡೆದುಕೊಳ್ಳುತ್ತದೆ ಎಂದುಕೊಂಡಿದ್ದೆ. ಯಾರಿಗೂ ಹೇಳಿರಲಿಲ್ಲ. ಹೇಳುವಂಥ ವಿಷಯ ಅನ್ನಿಸಿರಲಿಲ್ಲ.

ಒಂದು ಭಾನುವಾರ ಬೆಳಿಗ್ಗೆ, ಕುರಿಗಳನ್ನು ಮೇಯಲು ಬಿಟ್ಟ ಮೇಲೆ, ಖಾಲಿಯಾದ ಕುರಿದೊಡ್ಡಿಯಲ್ಲಿ, ನಾವು ರೊಪ್ಪ ಅನ್ನುವಲ್ಲಿ, ನನ್ನನ್ನು ಕಲ್ಲಿನ ಮೇಲೆ ಕೂರಿಸಿದರು. ಬೆರಣಿ ಕೆಂಡದಲ್ಲಿ ಸಲಾಕೆ ಕೆಂಪಗಾಗಿತ್ತು. ನಮ್ಮ ಸೋದರತ್ತೆ ನನ್ನ ಭುಜ ಹಿಡಿದಿದ್ದಳು. ಅಕ್ಕಪಕ್ಕದ ಹೆಂಗಸರು ಗೋಡೆಯ ಮೇಲಿಂದ ಬಗ್ಗಿ ನೋಡುತ್ತಿದ್ದರು.

"ಕಣ್ಣು ಮುಚ್ಕ" ಅಂದ ಅಪ್ಪ.

"ಯಾಕೆ? ನೋಡ್ತೀನಿ. ಹಾಕು" ಅಂದೆ.

ಮೀನಖಂಡದ ಮೇಲೆ ಸಲಾಕೆ ಇಟ್ಟ. ಇಟ್ಟದ್ದು ಗೊತ್ತಾಯಿತು, ಯಾರೋ ಬೆರಳಲ್ಲಿ ಒತ್ತಿದ ಹಾಗೆ. ಅಷ್ಟೇ. ಚರ್ಮ ಸುಟ್ಟ ವಾಸನೆ ಮೂಗಿಗೆ ಬಡಿಯಿತು, ನೋವು ಬರಲಿಲ್ಲ. ಈಗ ಬರುತ್ತದೆ, ಈಗ ಬರುತ್ತದೆ ಎಂದು ಕಾದೆ. ಎರಡನೇ ಬರೆ ಎಳೆದ, ಮೂರನೆಯದು ಎಳೆದ. ಚೀರಿದ್ದು ಅತ್ತೆ. ಅಪ್ಪ ಸಲಾಕೆಯನ್ನು ಕೈಯಲ್ಲೇ ಹಿಡಿದು ಒಂದು ಗಳಿಗೆ ನನ್ನ ಮುಖ ನೋಡಿದ. ಆಮೇಲೆ ಹೆಂಗಸರ ಕಡೆ ತಿರುಗಿ ಜೋರಾಗಿ ಅಂದ:

"ನೋಡಿದ್ರೇನ್ರೇ? ನನ್ನ ಮಗಳ ಎದೆ ಅಂದ್ರೆ ಎದೆ! ಕಮಕ್ ಕಿಮಕ್ ಅನ್ಲಿಲ್ಲ."

ಅಬ್ಬಾ, ಆ ದಿನ ನನಗೆ ಸಿಕ್ಕಿದ ಹೊಗಳಿಕೆ! ಗಂಡಸರೇ ಬಾಯಿ ಬಡಿದುಕೊಳ್ಳುತ್ತಾರೆ, ಈ ಹುಡುಗಿ ತುಟಿ ಪಿಟಕ್ಕೆನ್ನಲಿಲ್ಲವಲ್ಲ, ಓದಿದ್ದಕ್ಕೂ ಸಾರ್ಥಕ ಎಂದು ಹಟ್ಟಿಯೆಲ್ಲ ಮಾತಾಡಿತು. ನನಗೆ ನೋವೇ ಆಗಲಿಲ್ಲ ಕಣ್ರೇ ಎಂದು ಹೇಳಬೇಕೆಂದು ಬಾಯಿ ತನಕ ಬಂತು. ಹೇಳಲಿಲ್ಲ. ಹೇಳಿದ್ದರೆ ಹೊಗಳಿಕೆ ಅಲ್ಲಿಗೇ ನಿಲ್ಲುತ್ತಿತ್ತು. ಅದು ಬಿಟ್ಟರೆ ಬೇರೆ ಕಾರಣವಿಲ್ಲ, ಎಷ್ಟು ಹುಡುಕಿದರೂ ನನಗೆ ಸಿಕ್ಕಿಲ್ಲ.

ಮುಂದಿನ ನಾಲ್ಕು ತಿಂಗಳು ಹಾಳಾದವು. ಬರೆ ಹುಣ್ಣಾಯಿತು. ನೋವಿಲ್ಲದ ಕಾಲು, ಹಾಗಾಗಿ ಹುಣ್ಣಿನ ಮೇಲೇ ನಡೆದೆ, ಅದು ಒಣಗಲಿಲ್ಲ. ಎಡಗಾಲು ಗಟ್ಟಿಯಾಗುವ ಬದಲು ಮರದ ಕೊರಡಾಯಿತು. ಎದೆಯ ಕೆಳಗೆ ಸುತ್ತಲೂ ಯಾರೋ ಸೀರೆಯ ಸೆರಗು ಬಿಗಿದು ಕಟ್ಟಿದಂತೆ ಹಿಡಿದುಕೊಳ್ಳುತ್ತಿತ್ತು. ಮೂತ್ರಕ್ಕೆ ಕೂತರೆ ತುಂಬಾ ಹೊತ್ತು ಕಾಯಬೇಕಾಗುತ್ತಿತ್ತು. ಇದನ್ನು ಬರೆಯಲು ಈಗಲೂ ಸಂಕೋಚ. ಆದರೆ ಹೆಂಗಸರು ಇಂಥದ್ದನ್ನು ಮುಚ್ಚಿಟ್ಟೇ ಕೆಡುವುದು, ಅದಕ್ಕೆ ಬರೆದಿದ್ದೇನೆ.

ಹೊಳಲ್ಕೆರೆಯವರು ಹುಡುಗಿ ನೋಡಲು ಬಂದರು. ನಾನು ಎದ್ದು ಓಡಾಡಕೂಡದು, ಕುಂತಲ್ಲೇ ಕುಂತಿರಬೇಕು ಎಂದು ಅವ್ವ ತಾಕೀತು ಮಾಡಿದ್ದಳು. ಕಾಫಿ ಅತ್ತೆ ಕೊಟ್ಟಳು. ನಾನು ಚಾಪೆಯ ಮೇಲಿಂದಲೇ ಕೈ ಮುಗಿದೆ. ಕಾಲಿನ ವಿಷಯ ಅವರಿಗೆ ತಿಳಿಯಲೇ ಇಲ್ಲ. ವಾರದ ಮೇಲೆ ಬೇಡವೆಂದು ಹೇಳಿ ಕಳಿಸಿದರು: ಹಿರಿಯರು ಬಂದರೂ ಹುಡುಗಿ ಎದ್ದು ನಿಲ್ಲಲಿಲ್ಲ, ಟೀಚರೆಂದು ಬಹಳ ಸೊಕ್ಕು. ಅವ್ವ ಅತ್ತಳು. ನನಗೆ ಎಷ್ಟು ನಗು ಬಂತೆಂದರೆ ನಗುತ್ತ ನಗುತ್ತ ನಾನೂ ಅತ್ತೆ.

ಮುಚ್ಚಿಡಬೇಕಾದ ಕಾರಣವೇ ಹೋದ ಮೇಲೆ ಅವ್ವನೇ ನನ್ನನ್ನು ಹಿರಿಯೂರಿಗೆ ಒಬ್ಬ ಡಾಕ್ಟರ ಷಾಪಿಗೆ ಕರೆದುಕೊಂಡು ಹೋದಳು. ತೋರಿಸಲು ಹೋದದ್ದು ಹುಣ್ಣನ್ನು. ಅವರು ಹತ್ತಿಗೆ ಸ್ಪಿರಿಟ್ ಅದ್ದಿ ಹುಣ್ಣಿನೊಳಗೆ ಒರೆಸಿದರು.

"ಉರಿಯಲ್ವೇನಮ್ಮ?"

"ಇಲ್ಲ ಸಾರ್" ಅಂದೆ, ಅದೇ ಹಳೆಯ ಜಂಬದಲ್ಲಿ.

ಡಾಕ್ಟರು ಇಕ್ಕಳ ಕೆಳಗಿಟ್ಟರು. ಎದ್ದು ಹೋಗಿ ಸೋಪು ಹಚ್ಚಿ ಕೈ ತೊಳೆದರು. ಬಂದು ಕೂತವರು ಮತ್ತೆ ಎದ್ದು ಹೋಗಿ ಇನ್ನೊಮ್ಮೆ ತೊಳೆದರು. ಚಿತ್ರದುರ್ಗಕ್ಕೆ ಒಂದು ಚೀಟಿ ಬರೆದುಕೊಟ್ಟು, "ಅಲ್ಲಿ ತೋರ್ಸಿ. ಅಲ್ಲೀವರೆಗೂ ಸ್ಕೂಲಿಗೆ ಹೋಗಬೇಡಿ. ತಟ್ಟೆ ಲೋಟ ಬೇರೆ ಇಟ್ಕೊಳ್ಳಿ" ಅಂದರು. ಸ್ಪರ್ಶ ಗೊತ್ತಾಗದ ಮಚ್ಚೆ ಇದ್ದವರನ್ನು ಆಸ್ಪತ್ರೆಗೆ ಕಳಿಸಿ ಎಂಬ ಕುಷ್ಠರೋಗದ ಭಿತ್ತಿಪತ್ರ ನನ್ನ ಶಾಲೆಯ ಗೋಡೆಯ ಮೇಲೇ ಇತ್ತು. ಅದನ್ನು ಅಂಟಿಸಿದವಳು ನಾನೇ. ಹಾಗಾಗಿ ಯಾರೂ ಬಿಡಿಸಿ ಹೇಳಬೇಕಾಗಲಿಲ್ಲ.

ವಾಪಸ್ಸು ಬಸ್ಸಿನಲ್ಲಿ ಅವ್ವ ನನ್ನ ಕೈಯನ್ನು ತನ್ನ ಮಡಿಲಲ್ಲಿ ಬಿಗಿಯಾಗಿ ಹಿಡಿದುಕೊಂಡು ಕೂತಳು. ಬಿಡಿಸಿಕೊಳ್ಳಲು ನೋಡಿದೆ, ಬಿಡಲಿಲ್ಲ. ಮನೆಗೆ ಬಂದವಳು ತಟ್ಟೆ ಲೋಟ ಬೇರೆ ಮಾಡಲಿಲ್ಲ. ಬೇಕೆಂದೇ ನನ್ನ ತಟ್ಟೆಯಲ್ಲಿ ಉಳಿದ ಮುದ್ದೆಯನ್ನು ತಿಂದಳು. ಬೈದರೆ, "ಬಂದ್ರೆ ಇಬ್ರಿಗೂ ಬರ್ಲಿ, ಮಾತಾಡಾಕೆ ಜೊತೆಯಾಗುತ್ತೆ" ಅಂದಳು.

ಚಿತ್ರದುರ್ಗದ ಆಸ್ಪತ್ರೆಯಲ್ಲಿ ಚರ್ಮದ ವಿಭಾಗದ ಮುಂದೆ ಒಂದು ಉದ್ದ ಬೆಂಚು. ಜನ ಒಬ್ಬರಿಗೊಬ್ಬರು ಒಂದೊಂದು ಮೊಳ ಜಾಗ ಬಿಟ್ಟು ಕೂತಿದ್ದರು. ನಾನು ನಿಂತೇ ಇದ್ದೆ, ಎಡಗಾಲು ನಡುಗುತ್ತಿತ್ತು. ಭರಮಸಾಗರದ ಒಬ್ಬ ವಯಸ್ಸಾದ ಹೆಂಗಸು ತನ್ನ ಪಕ್ಕದ ಜಾಗ ತಟ್ಟಿದಳು.

"ಬಾರವ್ವ, ಕುಂತ್ಕ. ನಂದು ನಿಂಗೆ ಅಂಟುತ್ತೆ ಅಂತ ಹೆದರ್ಕೆನಾ? ನಿಂಗೂ ಅದೇ ಇದ್ಮೇಲೆ ಇನ್ನೇನ್ ಅಂಟೀತು!"

ಕೂತೆ. ಅವಳು ಸೆರಗಿನ ಗಂಟು ಬಿಚ್ಚಿ ಹುರಿದ ಕಡಲೆಕಾಯಿ ಕೊಟ್ಟಳು. ಅವಳ ಎರಡು ಬೆರಳು ಮಡಚಿಕೊಂಡಿದ್ದವು. ತೆಗೆದುಕೊಳ್ಳಲು ಒಂದು ಕ್ಷಣ ನನ್ನ ಕೈ ಹಿಂಜರಿಯಿತು. ಅದು ಅವಳಿಗೂ ಗೊತ್ತಾಯಿತು. ಆದರೂ ಕೈ ಹಿಂದಕ್ಕೆ ತೆಗೆದುಕೊಳ್ಳದೆ ನಾನು ತೆಗೆದುಕೊಳ್ಳುವವರೆಗೂ ಹಾಗೇ ಚಾಚಿಕೊಂಡಿದ್ದಳು. ನನ್ನ ಸರದಿ ಬರುವಷ್ಟರಲ್ಲಿ ಕಡಲೆಕಾಯಿ ಮುಗಿದಿತ್ತು, ಅವಳ ಮೂರು ಜನ ಸೊಸೆಯರ ಕಥೆ ಪೂರಾ ಆಗಿತ್ತು.

ಒಳಗೆ ಇದ್ದವರು ವಯಸ್ಸಾದ, ಮಾತು ಕಡಿಮೆಯ ಡಾಕ್ಟರು. ಅಪ್ಪ ಆಸ್ಪತ್ರೆಯ ಗೇಟಿನಿಂದ ಒಳಗೆ ಬರಲು ಒಪ್ಪಿರಲಿಲ್ಲ, ಅವ್ವ ಮಾತ್ರ ಜೊತೆಗಿದ್ದಳು. ಡಾಕ್ಟರು ಚರ್ಮ ನೋಡಿದರು, ಮೊಣಕೈಯ ನರ ಒತ್ತಿ ನೋಡಿದರು. ಸೂಜಿಯಿಂದ ಚುಚ್ಚುತ್ತ ಬಂದರು. ಎರಡು ಗಾಜಿನ ಕೊಳವೆಯಲ್ಲಿ ಬಿಸಿನೀರು ತಣ್ಣೀರು ಹಾಕಿ, "ಇದು ಯಾವುದು? ಇದು?" ಎಂದು ಕೇಳಿದರು. ಎಡಗಾಲಿನಲ್ಲಿ ಎಲ್ಲಕ್ಕೂ ಸರಿಯುತ್ತರ ಕೊಟ್ಟೆ. ಬಲಗಾಲಿನಲ್ಲಿ ಎಲ್ಲ ತಪ್ಪು. ಮೇಷ್ಟರ ಮುಂದೆ ಫೇಲಾದ ಮಗುವಿನ ಹಾಗೆ ನಾಚಿಕೆಯಾಯಿತು. ಚುಚ್ಚುತ್ತ ಮೇಲಕ್ಕೆ ಬಂದು, ಎಲ್ಲಿ ಸೂಜಿ ಚುರುಕ್ಕೆಂದಿತೋ ಅಲ್ಲಿ, ಎದೆಯ ಕೆಳಗೆ, ಪೆನ್ನಿನಿಂದ ಒಂದು ಗೆರೆ ಎಳೆದರು.

"ಕುಷ್ಠ ಅಲ್ಲ ಇದು" ಅಂದರು.

ಅವ್ವ ನಿಂತಲ್ಲೇ ಕುಸಿದು ನೆಲದ ಮೇಲೆ ಕೂತುಬಿಟ್ಟಳು.

"ಏಳಮ್ಮ, ಪೂರ್ತಿ ಕೇಳು. ಬೆನ್ನುಹುರಿಯಲ್ಲಿ ಏನೋ ತೊಂದರೆ ಇದೆ. ಎಡಭಾಗ ಕೆಟ್ಟರೆ ಎಡಗಾಲಿನ ಶಕ್ತಿ ಹೋಗುತ್ತೆ, ಬಲಗಾಲಿಗೆ ನೋವು ತಿಳಿಯೋದು ಹೋಗುತ್ತೆ. ಬೆಂಗಳೂರಿಗೆ ಹೋಗಬೇಕು." ಬರೆಯ ಗುರುತು ತೋರಿಸಿ, "ಇದು ಎಷ್ಟು ದಿನದ್ದು?" ಎಂದು ಕೇಳಿದರು. ನಾಲ್ಕು ತಿಂಗಳು ಅಂದೆ. "ಹಾಕಿದಾಗ ಗೊತ್ತಾಗ್ಲಿಲ್ವಾ?" ಇಲ್ಲ ಅಂದೆ. ಅವರು ಕನ್ನಡಕ ತೆಗೆದರು. "ಅವತ್ತೇ ಬಂದಿದ್ದರೆ ಚೆನ್ನಾಗಿತ್ತು" ಎಂದಷ್ಟೇ ಹೇಳಿದರು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

ಹೊರಗೆ ಬಂದ ಮೇಲೆ ಅವ್ವ, "ಈ ಕೊನೇ ಮಾತು ನಿಮ್ಮಪ್ಪಂಗೆ ಹೇಳ್ಬ್ಯಾಡ. ಅವ್ನು ಬದುಕಲ್ಲ" ಅಂದಳು. ಹಟ್ಟಿಯಲ್ಲಿ ಆಗಲೇ ತಿಪ್ಪಯ್ಯನ ಬರೆ ಮಗಳ ಕಾಲನ್ನೇ ತಿಂದಿತು ಎಂದು ಮಾತು ಶುರುವಾಗಿತ್ತು. ನನ್ನ ಎದೆಗಾರಿಕೆ ಹೊಗಳಿದ ಬಾಯಿಗಳೇ ಅವು.

ಬೆಂಗಳೂರಿನ ದೊಡ್ಡ ಆಸ್ಪತ್ರೆಯ ಬಗ್ಗೆ ಹೆಚ್ಚು ಬರೆಯುವುದಿಲ್ಲ. ಈ ಸಲ ನನ್ನ ಜೊತೆಗೆ ಬಂದವನು ಅಪ್ಪ. ಅಲ್ಲಿ ನಾನು ಮೊದಲ ವಾರ ಕಲಿತದ್ದು ಕಾಯುವುದನ್ನು. ಬೆನ್ನಿಗೆ ಸೂಜಿ ಹಾಕಿ ಬಣ್ಣದ ಔಷಧಿ ಬಿಟ್ಟು, ಹಲಗೆಗೆ ಕಟ್ಟಿ, ತಲೆ ಕೆಳಗೆ ಮಾಡಿ ಕಾಲು ಮೇಲೆ ಮಾಡಿ ಎಕ್ಸ್‌ರೇ ತೆಗೆದರು. ನನ್ನ ಮಂಚದ ಪಕ್ಕದಲ್ಲಿ ಹೊಸದುರ್ಗದ ಒಬ್ಬ ಬಸುರಿ ಹೆಂಗಸಿದ್ದಳು, ಮೂರ್ಛೆರೋಗ. ಅವಳಿಗೆ ಮೂರ್ಛೆ ಬಂದಾಗ ನಾನು ನರ್ಸನ್ನು ಕೂಗುತ್ತಿದ್ದೆ, ನನಗೆ ಎದ್ದು ಹೋಗಬೇಕಾದಾಗ ಅವಳು ಭುಜ ಕೊಡುತ್ತಿದ್ದಳು. ಇಬ್ಬರೂ ಸೇರಿ ಒಬ್ಬಳು ಪೂರ್ತಿ ಹೆಂಗಸು ಆಗ್ತೀವಿ ಎಂದು ಅವಳೇ ತಮಾಷೆ ಮಾಡುತ್ತಿದ್ದಳು.

ಸರ್ಜನ್ನರು ಎಕ್ಸ್‌ರೇಯನ್ನು ಕಿಟಕಿಗೆ ಹಿಡಿದು ಅಪ್ಪನಿಗೂ ನನಗೂ ತೋರಿಸಿದರು. ಬೆನ್ನಿನ ನಡುವೆ ಒಂದು ಕಡೆ ಹುರಿ ಮುಂದಕ್ಕೆ ಜಗ್ಗಿತ್ತು. "ಗಂಟಿರಬಹುದು, ಬಿಚ್ಚಿ ನೋಡಬೇಕು. ಸುಮ್ಮನೆ ಬಿಟ್ಟರೆ ವರ್ಷದೊಳಗೆ ಎರಡೂ ಕಾಲು ಹೋಗುತ್ತೆ. ಆಪರೇಷನ್ ಮಾಡುವಾಗಲೂ ಹೋಗಬಹುದು. ಎರಡನ್ನೂ ಹೇಳಿದ್ದೀನಿ, ಯೋಚನೆ ಮಾಡಿ" ಅಂದರು. ಯೋಚನೆ ಮಾಡುವುದು ಏನಿತ್ತು! ಕಾಲಿಲ್ಲದ ಟೀಚರನ್ನು ಯಾವ ಶಾಲೆ ಇಟ್ಟುಕೊಳ್ಳುತ್ತದೆ? ಹಟ್ಟಿಯ ಜಗುಲಿಯ ಮೇಲೆ ಕೂತು ಇನ್ನು ಐವತ್ತು ವರ್ಷ ಉಣ್ಣೆ ನೂಲಬೇಕು. ನನಗೆ ಸಾಯುವ ಭಯಕ್ಕಿಂತ ಆ ಜಗುಲಿಯ ಭಯವೇ ಹೆಚ್ಚಾಗಿತ್ತು.

ನಾನು ಒಪ್ಪಿಗೆ ಕಾಗದಕ್ಕೆ ದುಂಡಗೆ ಸಹಿ ಹಾಕಿದೆ. ಮನೆಯ ಗಂಡಸರದ್ದೂ ಬೇಕು ಎಂದರು. ಅಪ್ಪನ ಮುಂದೆ ಕಾಗದ ಇಟ್ಟು, ಹೆಬ್ಬೆಟ್ಟಿನ ಶಾಯಿ ಡಬ್ಬಿ ತೆರೆದರು. ಅಪ್ಪ ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡ.

"ನಾನ್ ಒತ್ತಲ್ಲ. ಒಂದ್ಸಲ ನನ್ ಕೈಯಿಟ್ಟಿದ್ದಕ್ಕೇ ಹಿಂಗಾಗೈತೆ. ಇನ್ನೊಂದ್ಸಲ ನನ್ ಕೈ ಬ್ಯಾಡ."

"ನಿನ್ನ ಬರೆಯಿಂದ ಆಗಿದ್ದಲ್ಲಪ್ಪ. ಡಾಕ್ಟರು ಹೇಳವ್ರೆ."

"ಅವರು ಹೇಳ್ತಾರೆ."

ಗುಮಾಸ್ತ ಕಾಯುತ್ತಿದ್ದ. ಅವ್ವ ಊರಿನಲ್ಲಿದ್ದಳು, ನನ್ನ ಬಾಯಿ ಮುಚ್ಚಿಸಲು ಯಾರೂ ಇರಲಿಲ್ಲ. ಹೇಳಿಬಿಟ್ಟೆ. "ಅಪ್ಪ, ನೀನು ಬರೆ ಹಾಕಿದಾಗ ನಂಗೆ ನೋವೇ ಆಗ್ಲಿಲ್ಲ. ಒಂಚೂರೂ ಆಗ್ಲಿಲ್ಲ. ಎಲ್ಲಾರೂ ಹೊಗಳಿದ್ರು, ಅದ್ಕೆ ಸುಮ್ನಿದ್ದೆ. ಅವತ್ತೇ ಹೇಳಿದ್ರೆ ಅವತ್ತೇ ಡಾಕ್ಟರತ್ರ ಬರ್ತಿದ್ವಿ. ತಪ್ಪು ನಂದು. ನೀನು ಒತ್ತು."

ಅಪ್ಪ ನನ್ನ ಮುಖ ನೋಡಲಿಲ್ಲ. ಶಾಯಿ ಡಬ್ಬಿಯನ್ನೇ ನೋಡುತ್ತಿದ್ದ. ಆಮೇಲೆ ಹೆಬ್ಬೆಟ್ಟು ಅದ್ದಿ, ಬೇಕಾದ್ದಕ್ಕಿಂತ ಜೋರಾಗಿ ಒತ್ತಿದ. ಅವತ್ತು ಸಂಜೆಯವರೆಗೂ ನನ್ನ ಹತ್ತಿರ ಒಂದು ಮಾತಾಡಲಿಲ್ಲ. ಸಿಟ್ಟಾಗಿದ್ದಾನೆ, ಆಗಬೇಕಾದ್ದೇ ಎಂದುಕೊಂಡೆ.

ಆಪರೇಷನ್ ಎಷ್ಟು ಹೊತ್ತಾಯಿತೋ ನನಗೆ ಗೊತ್ತಿಲ್ಲ. ಎಚ್ಚರವಾದಾಗ ಬೆನ್ನಿನ ನಡುವೆ ಕೆಂಡ ಇಟ್ಟ ಹಾಗೆ ಉರಿಯುತ್ತಿತ್ತು. ನರಳುತ್ತಲೇ ಒಂದು ಸಮಾಧಾನವೂ ಆಯಿತು, ಅಲ್ಲಾದರೂ ನೋವು ಗೊತ್ತಾಗುತ್ತಿದೆಯಲ್ಲ ಎಂದು. ಬಲತೊಡೆಗೂ ಪಟ್ಟಿ ಇತ್ತು. ಎಡಗಾಲನ್ನು ಎತ್ತಲು ನೋಡಿದೆ. ಬರಲಿಲ್ಲ. ಬೆರಳು ಅಲ್ಲಾಡಿಸಲು ನೋಡಿದೆ. ಅದೂ ಬರಲಿಲ್ಲ. ಆಪರೇಷನ್ನಿಗೆ ನಡೆದು ಹೋಗಿದ್ದ ಕಾಲು ಈಗ ಯಾರದೋ ಕಾಲು.

ಎರಡನೇ ದಿನ ಸರ್ಜನ್ನರು ಬಂದು ಮಂಚದ ಅಂಚಿನಲ್ಲೇ ಕೂತರು. ಗಂಟು ಇರಲೇ ಇಲ್ಲವಂತೆ. ಬೆನ್ನುಹುರಿಯ ಸುತ್ತ ಒಂದು ಪೊರೆ ಇರುತ್ತದೆ, ಅದರಲ್ಲಿ ಒಂದು ಸೀಳು ಬಿಟ್ಟು, ಹುರಿಯೇ ಆ ಸೀಳಿನಿಂದ ಹೊರಕ್ಕೆ ಜಾರಿ ಸಿಕ್ಕಿಹಾಕಿಕೊಂಡಿತ್ತಂತೆ. ಇಂಥದ್ದನ್ನು ಅವರೂ ನೋಡಿದ್ದು ಇದೇ ಮೊದಲಂತೆ. ನನಗೆ ಅರ್ಧ ಅರ್ಥವಾಯಿತು. ಅಪ್ಪ ಮಾತ್ರ ಪಟ್ಟನೆ ಕೇಳಿದ:

"ಕುರಿಗೆ ಹೊಟ್ಟೆ ಪದರ ಹರಿದು ಕರುಳು ಚರ್ಮದಡಿ ಇಳಿಯುತ್ತಲ್ರಿ, ಹಂಗಾ?"

ಸರ್ಜನ್ನರು ತಿರುಗಿ ಅಪ್ಪನನ್ನು ಮೊದಲ ಸಲ ಸರಿಯಾಗಿ ನೋಡಿದರು. "ಹೌದು ಯಜಮಾನ್ರೇ, ಹಾಗೇ! ನೀವು ಏನು ಮಾಡ್ತೀರಿ ಅದಕ್ಕೆ?"

"ಮೆಲ್ಲಗೆ ಒಳಕ್ಕೆ ತಳ್ಳಿ ಬಟ್ಟೆ ಕಟ್ತೀವಿ. ಜೋರು ಮಾಡಿದ್ರೆ ಸಾಯುತ್ತೆ."

"ನಾವೂ ಅದನ್ನೇ ಮಾಡಿದ್ದು. ಮೆಲ್ಲಗೆ ಒಳಗೆ ತಂದು, ನಿಮ್ಮ ಮಗಳ ತೊಡೆಯಿಂದಲೇ ಒಂದು ತುಂಡು ಪೊರೆ ತೆಗೆದು, ಸೀಳಿಗೆ ತೇಪೆ ಹಾಕಿದ್ದೀವಿ."

ತೇಪೆಯ ತುಂಡನ್ನು ನೋವು ಗೊತ್ತಾಗದ ತೊಡೆಯಿಂದ ತೆಗೆದದ್ದು ನನ್ನ ಪುಣ್ಯ. ಕಾಲು ಯಾವಾಗ ಬರುತ್ತದೆ ಎಂದು ಕೇಳಿದೆ. "ಕಾಯಬೇಕು" ಅಂದರು. ಬಂದೇ ಬರುತ್ತದಾ ಎಂದು ಕೇಳಲು ಧೈರ್ಯ ಬರಲಿಲ್ಲ. ಅವರೂ ಅದನ್ನು ಹೇಳದೆ ಎದ್ದು ಹೋದರು.

ಎಂಟು ದಿನ ಕಾದೆವು. ಎರಡು ಗಂಟೆಗೊಮ್ಮೆ ನಾಲ್ಕು ಜನ ಸೇರಿ ನನ್ನನ್ನು ಮರದ ದಿಮ್ಮಿಯಂತೆ ಹೊರಳಿಸುತ್ತಿದ್ದರು. ಒಳಗೆ ಬಿಡುವ ಹೊತ್ತು ಶುರುವಾಗುತ್ತಲೇ ಅಪ್ಪ ಬಂದು ಕಾಲ ಬುಡದಲ್ಲಿ ನಿಲ್ಲುತ್ತಿದ್ದ. ಎಡಗಾಲಿನ ಹೆಬ್ಬೆರಳನ್ನು ಎರಡು ಬೆರಳಲ್ಲಿ ಹಿಡಿದು, "ಅಲ್ಲಾಡ್ಸು" ಅನ್ನುತ್ತಿದ್ದ. ನಾನು ಹಲ್ಲು ಕಚ್ಚಿ ಪ್ರಯತ್ನ ಮಾಡುತ್ತಿದ್ದೆ. "ಆತಾ?" ಅನ್ನುತ್ತಿದ್ದೆ. "ಇಲ್ಲ" ಅನ್ನುತ್ತಿದ್ದ. ನಾವಿಬ್ಬರೂ ಆಡುತ್ತಿದ್ದ ಮಾತು ಇಷ್ಟೇ. ಐದನೇ ದಿನ ನನಗೆ ರೇಗಿತು. "ಸಾಕು ಹೋಗಪ್ಪ, ಅದು ಸತ್ತೈತೆ" ಎಂದು ಕೂಗಾಡಿದೆ. ಹೋದ. ಮಾರನೇ ದಿನ ಅದೇ ಹೊತ್ತಿಗೆ ಬಂದು ಅದೇ ಬೆರಳು ಹಿಡಿದ.

ಒಂಬತ್ತನೇ ದಿನ ಅವನು "ಇಲ್ಲ" ಅನ್ನಲಿಲ್ಲ. ಬೆರಳಿನ ಹತ್ತಿರಕ್ಕೆ ಬಗ್ಗಿದ.

"ಏನಪ್ಪ?"

"ಇನ್ನೊಂದ್ಸಲ" ಅಂದ.

ಮಾಡಿದೆ.

"ಇನ್ನೊಂದ್ಸಲ."

ಪಕ್ಕದ ಮಂಚದ ಹೊಸದುರ್ಗದವಳು ಎದ್ದು ಬಂದು ನೋಡಿ, "ಅಯ್ಯೋ ಅಲ್ಲಾಡ್ತೈತೆ ಕಣ್ರೀ!" ಎಂದು ವಾರ್ಡಿಗೆಲ್ಲ ಕೇಳುವ ಹಾಗೆ ಕಿರುಚಿದಳು. ಅಪ್ಪ ಟೀ ಕುಡಿದು ಬರುತ್ತೇನೆಂದು ಹೋದವನು ಒಂದು ಗಂಟೆ ಬರಲಿಲ್ಲ. ಬಂದಾಗ ಮುಖ ತೊಳೆದುಕೊಂಡಿದ್ದ.

ಬೆರಳಾದ ಮೇಲೆ ಪಾದ, ಪಾದವಾದ ಮೇಲೆ ಮಂಡಿ. ಎರಡೂವರೆ ತಿಂಗಳಾದ ಮೇಲೆ ಕೋಲು ಹಿಡಿದು ಹಟ್ಟಿಗೆ ಬಂದೆ. ಎಡಗಾಲು ಮುಕ್ಕಾಲು ಪಾಲು ಬಂತು. ಮೂತ್ರದ ತೊಂದರೆ ಹೋಯಿತು. ಬಲಗಾಲಿಗೆ ನೋವಿನ ಅರಿವು ಮತ್ತೆ ಬರಲಿಲ್ಲ, ಬರುವುದಿಲ್ಲ ಎಂದು ಡಾಕ್ಟರೂ ಹೇಳಿದರು, ಈಗ ಇಷ್ಟು ವರ್ಷವಾದರೂ ಬಂದಿಲ್ಲ. ಸ್ನಾನದ ನೀರನ್ನು ಕೈಯ ಹಿಂಭಾಗದಿಂದ ಮುಟ್ಟಿ ನೋಡುತ್ತೇನೆ. ಮನೆಗೆ ಬಂದ ಕೂಡಲೇ ಅಂಗಾಲು ತಿರುಗಿಸಿ ನೋಡಿಕೊಳ್ಳುತ್ತೇನೆ, ಮುಳ್ಳು ಚುಚ್ಚಿದ್ದರೂ ನನಗೆ ಗೊತ್ತಾಗುವುದು ರಕ್ತ ಕಂಡಾಗಲೇ. ಇದಕ್ಕೆ ಅಭ್ಯಾಸವಾಗುತ್ತದೆ. ನಿಮ್ಮ ಕೈಗೋ ಕಾಲಿಗೋ ಬಿಸಿ ತಿಳಿಯದಿದ್ದರೆ ಗಟ್ಟಿಯಾಗಿದ್ದೇನೆಂದು ಬೀಗಬೇಡಿ. ಕೂಡಲೇ ಯಾರಿಗಾದರೂ ಹೇಳಿ. ಇದನ್ನೆಲ್ಲ ಬರೆಯಲು ಕೂತದ್ದು ಇಷ್ಟನ್ನು ಹೇಳುವುದಕ್ಕೆ.

ಇನ್ನೊಂದು ವಿಷಯ ಉಳಿದಿದೆ. ಶಾಲೆಗೆ ಮತ್ತೆ ಸೇರಿಕೊಳ್ಳಲು ಚಿತ್ರದುರ್ಗದ ಡಾಕ್ಟರ ಸರ್ಟಿಫಿಕೇಟ್ ಬೇಕಿತ್ತು. ಒಂದು ಬೆಳಿಗ್ಗೆ ಅಪ್ಪನೂ ನಾನೂ ಜವನಗೊಂಡನಹಳ್ಳಿಯ ರಸ್ತೆಗೆ ಬಂದು ಬಸ್ಸಿಗೆ ಕಾಯುತ್ತ ಮೋರಿಯ ಕಟ್ಟೆಯ ಮೇಲೆ ಕೂತಿದ್ದೆವು. ಬೆಂಗಳೂರಿನಿಂದ ಬಂದಾಗಿನಿಂದ ಅವನು ನನ್ನ ಹತ್ತಿರ ಬೇಕಾದಷ್ಟೇ ಮಾತಾಡುತ್ತಿದ್ದ. ಅದು ನನ್ನನ್ನು ಕೊರೆಯುತ್ತಿತ್ತು.

"ಅಪ್ಪ, ಅವತ್ತು ಹೇಳ್ಲಿಲ್ಲ ಅಂತ ನನ್ ಮೇಲೆ ಇನ್ನೂ ಸಿಟ್ಟೈತಾ?" ಅಂದೆ.

ಅವನು ರಸ್ತೆಯ ಆಚೆ ನೋಡುತ್ತ ಕೂತಿದ್ದ. ನನ್ನ ಕಡೆ ತಿರುಗಲಿಲ್ಲ.

"ನೀನ್ ಹೇಳಾದೇನು? ನಂಗೆ ಗೊತ್ತಿತ್ತು."

"ಏನು ಗೊತ್ತಿತ್ತು?"

"ಸಲಾಕೆ ತಾಗಿದ ಕೂಡ್ಲೆ ಎಂಥಾ ಕುರಿನೂ ಕಾಲು ಎಳ್ಕಣುತ್ತೆ. ಮನಸ್ಸು ಗಟ್ಟಿ ಇದ್ರೂ ಕಾಲು ಸುಮ್ನಿರಲ್ಲ. ನಿನ್ ಕಾಲು ಎಳ್ಕಳ್ಲಿಲ್ಲ. ಎಳ್ಕಳ್ದೇ ಇರೋ ಕುರಿ ಉಳಿಯಲ್ಲ ಕಣೆ. ಅದಕ್ಕೆ ಮದ್ದಿಲ್ಲ. ವಾರದೊಳಗೆ ಸಂತೆಗೆ ಹೊಡ್ಕಂಡು ಹೋಗಿ ಮಾರಿಬಿಡ್ತೀವಿ. ಅವತ್ತೇ ನಂಗೆ ಎದೆ ಒಡೀತು. ಎಲ್ಲಾರ ಮುಂದೆ ಅದೇನೋ ಕೂಗ್ದೆ."

"ಮತ್ತೆ ಯಾಕಪ್ಪ ಸುಮ್ನಿದ್ದೆ? ನಾಲ್ಕು ತಿಂಗ್ಳು!"

ಆಗ ನನ್ನ ಕಡೆ ತಿರುಗಿದ.

"ಕುರಿಯಾದ್ರೆ ಮಾರ್ತಿದ್ದೆ, ಕೆಂಚಿ. ನಿನ್ನ ಏನ್ ಮಾಡ್ಲಿ?"

ನನಗೆ ಕೆಂಡದಂಥ ಸಿಟ್ಟು ಬಂತು. ಅವನ ಕೈ ಹಿಡಿದುಕೊಂಡೆ. ಬಸ್ಸು ಬಂದು ನಿಂತು ಕಂಡಕ್ಟರು ಎರಡು ಸಲ ಕೂಗುವವರೆಗೂ ಇಬ್ಬರೂ ಹಾಗೇ ಕೂತಿದ್ದೆವು.